ಐದು ಸೆರಗು, ಐದು ಅಕ್ಷರ: ಬೆಳಕಿನ ಬಟ್ಟೆಯ ಒಂದು ಪ್ರಕರಣ

ಉತ್ತರ ಕರ್ನಾಟಕದ ಒಂದು ಪಟ್ಟಣದಲ್ಲಿ ಕೆಲವು ವರ್ಷಗಳ ಹಿಂದೆ ನಡೆದದ್ದು ಇದು. ನಾನು ಆಗ ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುತ್ತಿದ್ದೆ. ಈ ಕೆಲಸದಲ್ಲಿ ನನ್ನದು ಸಲಹೆಗಾರನ ಪಾತ್ರ, ಅಂದರೆ ಬೆಸುಗೆ ಹಾಕುವವರ ಪಕ್ಕದಲ್ಲಿ ಕೂತು ಚಹಾ ಕುಡಿಯುವ ಪಾತ್ರ. ಊರು, ತಂಡ, ಮನುಷ್ಯರ ಹೆಸರು ಬಿಟ್ಟಿದ್ದೇನೆ. ಗುರುತು ಸಿಗುವಂಥ ಒಂದೆರಡು ವಿವರ ಬದಲಿಸಿದ್ದೇನೆ. ಬಟ್ಟೆಯಲ್ಲಿ ಕರೆಂಟು ಹರಿಸಲು ಹೊರಟವರಿಗೆ ನಾವು ಎಲ್ಲಿ ಎಡವಿದೆವು ಎಂಬುದು ಉಪಯೋಗಕ್ಕೆ ಬಂದೀತು.

ಯಾರು, ಏನು ಕೇಳಿದರು

ಅಣ್ಣ ತಂಗಿ ಇಬ್ಬರ ಒಂದು ಸಣ್ಣ ಅಂಗಡಿ. ಅಣ್ಣನದು ಎಲ್‌ಇಡಿ ಬೋರ್ಡಿನ ಕೆಲಸ: ಬಂಗಾರದ ಅಂಗಡಿಯ ಮುಂದೆ ಓಡುವ ಅಕ್ಷರ, ಗುಡಿಯಲ್ಲಿ ದಾನಿಗಳ ಹೆಸರು, ಔಷಧಿ ಅಂಗಡಿಯ ಹಸಿರು ಕೂಡುಚಿಹ್ನೆ. ಇವುಗಳಲ್ಲಿ ಹೆಚ್ಚಿನವು ಪಿ10 ಎಂಬ ಮಾಡ್ಯೂಲಿನಿಂದ ಕಟ್ಟಿದವು. ಒಂದು ತುಂಡು 32 ಸೆಂ.ಮೀ ಅಗಲ, 16 ಸೆಂ.ಮೀ ಎತ್ತರ, ಅದರಲ್ಲಿ 32 ಕಂಬ, 16 ಸಾಲು ದೀಪ. ಒಂದು ಕೆಟ್ಟರೆ ನಾಲ್ಕು ಸ್ಕ್ರೂ ಬಿಚ್ಚಿ, ರಿಬ್ಬನ್ ಕೇಬಲ್ ಕಿತ್ತು ಇನ್ನೊಂದು ಕೂರಿಸಿದರಾಯಿತು. ಪ್ರಪಂಚದ ಯಾವ ವಸ್ತುವನ್ನು ನೋಡಿದರೂ ‘ಇದರ ತುಂಡು ಎಲ್ಲಿ ಬಿಚ್ಚುತ್ತದೆ’ ಎಂದು ಹುಡುಕುವುದು ಅಣ್ಣನ ಚಾಳಿ. ತಂಗಿ ನನ್ನ ಹಳೆಯ ವಿದ್ಯಾರ್ಥಿನಿ, ಡಿಪ್ಲೊಮಾ ಮುಗಿಸಿದವಳು, ಪ್ರೋಗ್ರಾಮಿಂಗ್ ಅವಳದು.

ಗಣಪತಿ ಹಬ್ಬ ಮುಗಿದ ವಾರ ಊರಿನ ನೃತ್ಯ ತಂಡದ ಟೀಚರ್ ಅಂಗಡಿಗೆ ಬಂದರು. ನವೆಂಬರ್ 1ಕ್ಕೆ ರಾಜ್ಯೋತ್ಸವದ ಕಾರ್ಯಕ್ರಮ. ಇಳಕಲ್ ಸೀರೆ ಉಟ್ಟ ಐವರು ಹುಡುಗಿಯರು ಕುಣಿಯುತ್ತ ಬಂದು, ಕೊನೆಯಲ್ಲಿ ಸಾಲಾಗಿ ನಿಂತು ಪ್ರೇಕ್ಷಕರಿಗೆ ಬೆನ್ನು ತೋರಿಸಬೇಕು. ಆಗ ಒಬ್ಬೊಬ್ಬರ ಸೆರಗಿನ ಮೇಲೆ ಒಂದೊಂದು ಅಕ್ಷರ ಬೆಳಗಿ ‘ನಮ್ಮ ಕನ್ನಡ’ ಎಂದು ಓದಿಸಿಕೊಳ್ಳಬೇಕು. ನ, ಮ್ಮ, ಕ, ನ್ನ, ಡ. ಐದು ಅಕ್ಷರ, ಐದು ಬೆನ್ನು.

ಅಣ್ಣನಿಗೆ ಇದು ಕೂಡಲೇ ಹಿಡಿಸಿತು. ಮನುಷ್ಯರೇ ಮಾಡ್ಯೂಲು! ಇಂಗ್ಲಿಷಿನಲ್ಲಾದರೆ ಪದವನ್ನು ಎಲ್ಲಿ ತುಂಡರಿಸುವುದು ಎಂಬ ಚರ್ಚೆ ಬರುತ್ತಿತ್ತು. ಕನ್ನಡದಲ್ಲಿ ಅಕ್ಷರವೇ ಒಂದು ಇಡೀ ತುಂಡು. ಆದರೆ ಅದೇ ಅಕ್ಷರ ಎತ್ತರವನ್ನೂ ಕೇಳುತ್ತದೆ. ಮ್ಮ, ನ್ನ ಎರಡಕ್ಕೂ ಕೆಳಗೆ ಒತ್ತು ಇದೆ, ಮೇಲೆ ತಲೆಕಟ್ಟು ಇದೆ. 8 ಸಾಲಿನಲ್ಲಿ ಬರೆದು ನೋಡಿದರೆ ಒತ್ತು ಮಸಿ ಚೆಲ್ಲಿದಂತೆ ಕಾಣುತ್ತಿತ್ತು. 8 ಕಂಬ, 12 ಸಾಲು, ಒಟ್ಟು 96 ದೀಪ ಎಂದು ಕೊನೆಗೆ ಗೊತ್ತುಮಾಡಿದೆವು. ನಾವು ಆರಿಸಿದ್ದು ಡಬ್ಲ್ಯುಎಸ್2812 ಎಂಬ ಎಲ್‌ಇಡಿ ಪಟ್ಟಿ, ಇದರಲ್ಲಿ ಪ್ರತಿ ದೀಪಕ್ಕೂ ಬೇರೆ ಬಣ್ಣ ಹೇಳಬಹುದು. ಮೀಟರಿಗೆ 30 ದೀಪ ಇರುವ ಪಟ್ಟಿಯಲ್ಲಿ ದೀಪದಿಂದ ದೀಪಕ್ಕೆ 3.3 ಸೆಂ.ಮೀ. ಅಂದರೆ ಒಂದು ಅಕ್ಷರದ ಹಲಗೆ ಸುಮಾರು 26 ಸೆಂ.ಮೀ ಅಗಲ, 40 ಸೆಂ.ಮೀ ಎತ್ತರ. ಒಬ್ಬ ಹುಡುಗಿಯ ಬೆನ್ನಿಗೆ ಅಳತೆ ಕೊಟ್ಟು ಹೊಲಿಸಿದಂತಿತ್ತು.

ಜರಿಯ ಆಸೆ

ತಂಗಿಯ ಮೊದಲ ಯೋಚನೆ ತಂತಿಯೇ ಬೇಡ ಎಂಬುದು. ಕರೆಂಟು ಹರಿಯುವ ನೂಲಿನಿಂದಲೇ ಕಸೂತಿ ಹಾಕಿ ದೀಪ ಕೂಡಿಸಬೇಕು. ಇದರಲ್ಲಿ ಹುಚ್ಚೇನಿಲ್ಲ. 1990ರ ದಶಕದ ಕೊನೆಯಲ್ಲಿ ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬ್‌ನಲ್ಲಿ ರೆಹ್ಮಿ ಪೋಸ್ಟ್ ಮತ್ತು ಮ್ಯಾಗಿ ಆರ್ತ್ ಬಟ್ಟೆಯಲ್ಲೇ ಕೀಲಿಮಣೆ ಮಾಡಿದಾಗ ಬಳಸಿದ್ದು ರೇಷ್ಮೆ ಆರ್ಗಂಜಾ. ರೇಷ್ಮೆ ಎಳೆಗೆ ತೆಳು ತಾಮ್ರದ ರೇಕು ಸುತ್ತಿ ಹೊಕ್ಕು ಹಾಕಿದ ಬಟ್ಟೆ. ಭಾರತದಲ್ಲಿ ಅಲಂಕಾರಕ್ಕೆಂದು ಬಹುಕಾಲದಿಂದ ನೇಯುತ್ತಿರುವ ಬಟ್ಟೆ ಇದು ಎಂದು ಅವರೇ ಬರೆದಿದ್ದಾರೆ. ನಮ್ಮ ಬಾಯಲ್ಲಿ ಹೇಳುವುದಾದರೆ ಜರಿ. 2007ರಲ್ಲಿ ಲಿಯಾ ಬ್ಯೂಕ್ಲಿ ಅವರ ಲಿಲಿಪ್ಯಾಡ್, ಅಂದರೆ ಬಟ್ಟೆಗೆ ಹೊಲಿಯಬಹುದಾದ ಪುಟ್ಟ ಕಂಪ್ಯೂಟರ್ ಬಿಲ್ಲೆ, ಮಾರುಕಟ್ಟೆಗೆ ಬಂದ ಮೇಲಂತೂ ಬಟ್ಟೆಗೆ ದೀಪ ಹೊಲಿಯುವುದು ಶಾಲೆಯ ಮಕ್ಕಳಿಗೂ ಬಂತು.

ಪೇಟೆಯಿಂದ ಜರಿ ಉಂಡೆ ತಂದು ಮಲ್ಟಿಮೀಟರಿನ ಎರಡು ಕಡ್ಡಿ ಇಟ್ಟಳು. ಬೀಪ್ ಇಲ್ಲ. ಇನ್ನೊಂದು ಉಂಡೆ, ಅದೂ ಇಲ್ಲ. ಈಗ ಅಗ್ಗಕ್ಕೆ ಸಿಗುವ ಜರಿ ಹೆಚ್ಚಾಗಿ ಲೋಹದ ಲೇಪ ಕೊಟ್ಟ ಪಾಲಿಯೆಸ್ಟರ್ ಹಾಳೆಯನ್ನು ಸೀಳಿದ್ದು, ಮೇಲೆ ಮೆರುಗಿನ ಪದರ ಬೇರೆ. ಮಿಂಚುತ್ತದೆ, ಆದರೆ ಕರೆಂಟು ಬಿಡುವುದಿಲ್ಲ. ಆಮೇಲೆ ಅಜ್ಜಿಯ ಹರಿದ ರೇಷ್ಮೆ ಸೀರೆಯ ಅಂಚಿನಿಂದ ಒಂದೆಳೆ ಕಿತ್ತು ಹಿಡಿದರೆ ಮೀಟರ್ ಕಿರುಚಿತು. ಅದು ಬೆಳ್ಳಿಯ ಜರಿ. ‘ಹಳೆ ರೇಷ್ಮೆ ಸೀರೆ ತಗೋತೀವಿ’ ಎಂದು ಓಣಿಯಲ್ಲಿ ಕೂಗುತ್ತ ಬರುವವರು ಹುಡುಕುವುದು ಇದನ್ನೇ. ತನ್ನ ಮೈಸೂರು ರೇಷ್ಮೆಯ ಜರಿಯಲ್ಲಿ ಶೇ 65ರಷ್ಟು ಬೆಳ್ಳಿ, ಶೇ 0.65ರಷ್ಟು ಚಿನ್ನ ಇರುತ್ತದೆ ಎನ್ನುತ್ತದೆ ಕೆಎಸ್‌ಐಸಿ, ಅಂದರೆ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮ.

ಅಜ್ಜಿಯ ಸೀರೆಯಲ್ಲಿ ಸಿಕ್ಕ ಜರಿ ಸಾಲದು ಎಂದು ಬೆಳ್ಳಿ ಲೇಪದ ನೈಲಾನ್ ನೂಲು ತರಿಸಿದರು. ಹೊಲಿದರು. ಒಂದು ದೀಪ ಉರಿಯಿತು, ಐದು ಉರಿದವು, ಹನ್ನೆರಡನೆಯದಕ್ಕೆ ಹೋಗುವಷ್ಟರಲ್ಲಿ ಬಿಳಿ ಬಣ್ಣ ಕಂದು ಕೆಂಪಾಗಿ, ಕೊನೆಗೆ ಮಿಣಮಿಣ. ಇದು ನಾನು ಮೊದಲೇ ಲೆಕ್ಕ ಹಾಕಿ ಹೇಳಬೇಕಿದ್ದದ್ದು, ಹೇಳಲಿಲ್ಲ. ಈ ನೂಲಿನ ಪ್ರತಿರೋಧ ಅಡಿಗೆ ಹತ್ತಾರು ಓಮ್. 10 ಓಮ್‌ನಲ್ಲಿ ಅರ್ಧ ಆಂಪಿಯರ್ ಹರಿಸಿದರೆ 5 ವೋಲ್ಟ್ ಅಲ್ಲೇ ಮುಗಿಯುತ್ತದೆ, ನಮ್ಮ ಹತ್ತಿರ ಇದ್ದದ್ದೇ 5 ವೋಲ್ಟ್. ಒಂದೊಂದು ದೀಪ ಪೂರ್ಣ ಬಿಳಿಯಲ್ಲಿ 60 ಮಿಲಿ ಆಂಪಿಯರ್ ಎಳೆಯುತ್ತದೆ. 96 ದೀಪಕ್ಕೆ 5.76 ಆಂಪಿಯರ್. ಲಿಲಿಪ್ಯಾಡಿನ ನಾಲ್ಕೈದು ದೀಪಕ್ಕೆ ನಡೆದದ್ದು ಇಲ್ಲಿ ನಡೆಯುವ ಮಾತೇ ಅಲ್ಲ.

ಹತ್ತು ದಿನ ಹೀಗೆ ಹೋಯಿತು. ಜರಿಯನ್ನು ಡಬ್ಬಿಗೆ ಹಾಕಿ ಮುಚ್ಚಿಟ್ಟೆವು.

‘ಇದನ್ನ ನೀರಾಗ ಹಾಕೂದೋ ಬ್ಯಾಡೋ?’

ಎರಡನೆಯ ಸುತ್ತು ಅಣ್ಣನದು. ಎಲ್‌ಇಡಿ ಪಟ್ಟಿಯನ್ನು 12 ದೀಪದ ಎಂಟು ತುಂಡು ಮಾಡಿ, ಹಾವಿನಂತೆ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ತಂತಿಯಿಂದ ಕೂಡಿಸಿ, ಬಟ್ಟೆಗೆ ಹೊಲಿದುಬಿಡುವುದು. ಏಳು ತಿರುವು, ತಿರುವಿಗೆ ಮೂರು ತಂತಿ, ತಂತಿಗೆ ಎರಡು ಬೆಸುಗೆ. ಒಂದು ಸೆರಗಿಗೆ 42 ಬೆಸುಗೆ.

ಮೇಜಿನ ಮೇಲೆ ಚೆಂದ ಉರಿಯಿತು. ಹುಡುಗಿಗೆ ತೊಡಿಸಿ ಎರಡು ಸುತ್ತು ಕುಣಿಸಿದರೆ ಅರ್ಧ ಅಕ್ಷರ ಮಾಯ. ಬೆಸುಗೆ ಬಿಚ್ಚಿರಲಿಲ್ಲ, ಬೆಸುಗೆಯ ಪಕ್ಕದಲ್ಲಿ ತಂತಿ ತುಂಡಾಗಿತ್ತು. ಕರಗಿದ ಸೀಸ ತಂತಿಯ ಎಳೆಗಳ ನಡುವೆ ಒಳಕ್ಕೆ ಹೀರಿಕೊಂಡು ಅಷ್ಟು ಜಾಗ ಕಡ್ಡಿಯಾಗುತ್ತದೆ. ಬಟ್ಟೆ ಬಳುಕಿದಾಗಲೆಲ್ಲ ಕಡ್ಡಿ ಮುಗಿದು ಮೆತ್ತಗಿನ ತಂತಿ ಶುರುವಾಗುವ ಆ ಒಂದು ಬಿಂದುವೇ ಮಡಚುತ್ತದೆ. ಈ ದೀಪಗಳಲ್ಲಿ ಮಾಹಿತಿ ಒಂದರಿಂದ ಇನ್ನೊಂದಕ್ಕೆ ಸಾಲಾಗಿ ದಾಟಬೇಕು; ಮೂರನೆಯ ತಿರುವು ಹೋದರೆ ಆಮೇಲಿನ ಐದು ಕಂಬವೂ ಹೋದಂತೆ. ಬಟ್ಟೆಯಲ್ಲಿ ಎಲೆಕ್ಟ್ರಾನಿಕ್ಸ್ ಸಾಯುವುದು ನೂಲಿನಲ್ಲೂ ಅಲ್ಲ, ದೀಪದಲ್ಲೂ ಅಲ್ಲ. ಮೆತ್ತಗಿನದು ಗಟ್ಟಿಯದನ್ನು ಕೂಡುವ ಜಾಗದಲ್ಲಿ.

ಇನ್ನೊಂದು ತಪ್ಪು ನಮಗೆ ಕಣ್ಣೆದುರೇ ಇದ್ದರೂ ಕಾಣಲಿಲ್ಲ. ಇಳಕಲ್ ಸೆರಗು ಕೆಂಪು. ದೀಪವನ್ನು ಕೆಂಪು ಬಟ್ಟೆಯ ಹಿಂದೆ ಇಟ್ಟರೆ ಹಸಿರು ಬೆಳಕನ್ನು ಬಟ್ಟೆಯೇ ನುಂಗುತ್ತದೆ. ಹಳದಿ ಅಂದರೆ ಈ ದೀಪಕ್ಕೆ ಕೆಂಪು ಮತ್ತು ಹಸಿರು ಕೂಡಿದ್ದು. ಹೀಗಾಗಿ ಅರಿಶಿನ ಕುಂಕುಮದ ಬಾವುಟ ಬರೀ ಕುಂಕುಮವಾಗಿ ಕಂಡಿತು.

ಆ ದಿನ ತಾಲೀಮಿಗೆ ತಂಡದ ಬಟ್ಟೆ ಒಗೆದು ಇಸ್ತ್ರಿ ಮಾಡುವ ಅವ್ವ ಬಂದಿದ್ದರು. ಸೆರಗನ್ನು ಎರಡು ಬೆರಳಲ್ಲಿ ಎತ್ತಿ ಹಿಂದುಮುಂದು ನೋಡಿ ಕೇಳಿದ್ದು ಒಂದೇ ಮಾತು: “ಇದನ್ನ ನೀರಾಗ ಹಾಕೂದೋ ಬ್ಯಾಡೋ?” ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು. ಹೊಸ ಇಳಕಲ್ ಸೀರೆಗಳು, ಟೀಚರ್ ಸ್ವಂತ ದುಡ್ಡಿನಿಂದ ತಂದವು. ಒಂದು ರಾತ್ರಿಯ ಕುಣಿತಕ್ಕಾಗಿ ಅವನ್ನು ಒಗೆಯಲಾಗದ ವಸ್ತುವಾಗಿ ಮಾಡಿಟ್ಟಿದ್ದೆವು.

ತಿರುವು ಬಂದದ್ದು ಟೇಲರ್ ಕಾಕಾ ಅವರಿಂದ. ಕುಣಿತಕ್ಕೆ ಸುಲಭವಾಗಲಿ ಎಂದು ಸೀರೆಗಳಿಗೆ ನೆರಿಗೆ ಹೊಲಿದು ಕೊಡುತ್ತಿದ್ದವರು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ; ಎಳೆಗೆ ಎಳೆ ಕುಣಿಕೆ ಹಾಕಿ ಎರಡನ್ನೂ ಕೂಡಿಸುತ್ತಾರೆ, ತೋಪ್ ತೆನಿ ಸೆರಗು ಹುಟ್ಟುವುದು ಹಾಗೆ. ಆ ಕೂಡಿದ ಜಾಗದ ಮೇಲೆ ಇಷ್ಟು ಭಾರ ಜೋಲು ಬಿಟ್ಟರೆ ಎಳೆ ಸರಿಯುತ್ತದೆ ಎಂಬುದು ಅವರ ಮೊದಲ ತಕರಾರು. ಎರಡನೆಯದು ತಕರಾರಲ್ಲ, ದಾರಿ: “ಏ ತಂಗಿ, ಇದನ್ನ ಅರಿವಿಗಿ ಹೊಲ್ಯಾಕ ಹೋಗಬ್ಯಾಡ. ಲಾಡಿ ಪೋಣಿಸಿದಂಗ ಪೋಣಸು. ಒಗ್ಯಾಗ ಎಳಕೊಂಡ್ರ ಆತು.”

ಎರಡು ಪದರ ತೆಳು ಬಿಳಿ ಮಲ್ ಬಟ್ಟೆ ತೆಗೆದುಕೊಂಡು ಉದ್ದಕ್ಕೆ ಎಂಟು ಮಡಿಕೆ ಹೊಲಿದು ಒಂದು ಹಲಗೆ ಮಾಡಿಕೊಟ್ಟರು. ಪ್ರತಿ ಮಡಿಕೆಯಲ್ಲಿ ಒಂದು ಎಲ್‌ಇಡಿ ಪಟ್ಟಿ ಲಾಡಿಯಂತೆ ಮೇಲಿಂದ ಇಳಿಯುತ್ತದೆ. ಹಲಗೆ ಸೆರಗಿನ ಮೇಲೆ ಟಿಚ್ ಬಟನ್ನಿನಿಂದ ಕೂರುತ್ತದೆ. ಬಿಳಿ ಬಟ್ಟೆಯಾದ್ದರಿಂದ ಹಳದಿ ಹಳದಿಯಾಗಿಯೇ ಕಂಡಿತು. ಆ ಸಮಸ್ಯೆ ಕೇಳದೆಯೇ ಬಗೆಹರಿಯಿತು.

ಆದರೆ ಲಾಡಿಯನ್ನು ಒಂದು ಕಡೆಯಿಂದ ಎಳೆಯಬೇಕು. ಹಾವಿನಂತೆ ಕೂಡಿಸಿದ ಪಟ್ಟಿ ಎಳೆದರೆ ಬರುವುದಿಲ್ಲ, ಕೆಳಗೆ ತಿರುವು ಸಿಕ್ಕಿಕೊಳ್ಳುತ್ತದೆ. ಹೊಲಿಗೆಯ ಈ ಒಂದು ಷರತ್ತಿನಿಂದ ಸರ್ಕಿಟ್ ಇಡಿಯಾಗಿ ಬದಲಾಯಿತು. ತಂಗಿ ಒಂದು ರಾತ್ರಿ ಕೂತು ಸರಪಳಿಯನ್ನೇ ಕೈಬಿಟ್ಟಳು. ಹಲಗೆಯನ್ನು ನಡೆಸುವ ಪುಟ್ಟ ಕಂಪ್ಯೂಟರ್ ಆದ ಇಎಸ್‌ಪಿ32 ಚಿಪ್ಪಿನಲ್ಲಿ ಇಂಥ ದೀಪಗಳಿಗೆ ಸಂಕೇತ ಕಳಿಸಲು ಒದಗುವ ಎಂಟು ಚಾನೆಲ್ ಇವೆ. ನಮ್ಮವು ಎಂಟು ಕಂಬ. ಪ್ರತಿ ಪಟ್ಟಿಗೂ ತನ್ನದೇ ಸಂಕೇತ, ಮೇಲ್ತುದಿಯಲ್ಲಿ ಮೂರು ಪಿನ್ನಿನ ಒಂದು ಪ್ಲಗ್ಗು. ಕೆಳಗಿನ ತುದಿಗೆ ಏನೂ ಇಲ್ಲ. ಎಂಟೂ ಪ್ಲಗ್ಗು ಹಲಗೆಯ ಮೇಲಂಚಿನ ಗಟ್ಟಿ ಪಟ್ಟಿಯಲ್ಲಿ ಸಾಲಾಗಿ ಕೂರುತ್ತವೆ. ಭುಜಗಳ ನಡುವಿನ ಆ ಜಾಗ ಕುಣಿಯುವಾಗ ಅಷ್ಟಾಗಿ ಬಳುಕುವುದಿಲ್ಲ. ಒಂದು ಪಟ್ಟಿ ಸತ್ತರೆ ಒಂದೇ ಕಂಬ ಕತ್ತಲೆ. ಏಳು ಕಂಬದ ‘ಕ’ವನ್ನೂ ಜನ ‘ಕ’ ಎಂದೇ ಓದುತ್ತಾರೆ.

ಎಷ್ಟು ದೊಡ್ಡ ತುಂಡು ಮಾಡಬೇಕು ಎಂಬ ಪ್ರಶ್ನೆಯನ್ನು ನಾವು ಅಲ್ಲಿಯವರೆಗೆ ಎಲೆಕ್ಟ್ರಾನಿಕ್ಸಿನ ಪ್ರಶ್ನೆ ಎಂದುಕೊಂಡಿದ್ದೆವು. ಉತ್ತರ ಹೇಳಿದ್ದು ಒಗೆಯುವವರು ಮತ್ತು ಹೊಲಿಯುವವರು.

ಡಬ್ಬಿಯಿಂದ ಹೊರಬಂದ ಜರಿ

ಇನ್ನೊಂದು ತಾಲೀಮಿನಲ್ಲಿ ಐದೂ ಹಲಗೆ ಉರಿದವು, ಆದರೆ ಓದಿದರೆ ‘ನಮ್ಮ ಡನ್ನಕ’. ಯಾವ ಹಲಗೆಗೆ ಯಾವ ಅಕ್ಷರ ಎಂಬುದು ಚಿಪ್ಪಿನಲ್ಲೇ ಬರೆದಿತ್ತು. ಚೀಲದಿಂದ ತೆಗೆದು ತೊಡಿಸುವಾಗ ಅದಲುಬದಲಾಗಿತ್ತು. ಹಿಂದೆ ಅಂಟುಪಟ್ಟಿ ಹಚ್ಚಿ ಸಂಖ್ಯೆ ಬರೆದರೆ ಸಾಕು ಎಂದೆ ನಾನು. ಅಣ್ಣ ಒಪ್ಪಲಿಲ್ಲ. ಆರನೆಯ ಹಲಗೆಯೊಂದನ್ನು ಬದಲಿಗೆಂದು ಮಾಡಿಟ್ಟಿದ್ದೇವಲ್ಲ, ಅದು ಯಾವ ಅಕ್ಷರ? ಯಾರ ಬೆನ್ನಿನದು ಕೆಟ್ಟರೂ ಅದು ಅಲ್ಲಿ ಕೂರಬೇಕಲ್ಲ?

ಅವರು ಕಂಡುಕೊಂಡ ಉಪಾಯ ಇಡೀ ಕೆಲಸದಲ್ಲಿ ನನಗೆ ಅತಿ ಮೆಚ್ಚುಗೆಯಾದದ್ದು. ಹಲಗೆಗೆ ತಾನು ಯಾರೆಂದು ಗೊತ್ತಿರಬಾರದು. ಅದನ್ನು ಸೀರೆ ಹೇಳಬೇಕು. ಹಲಗೆಯನ್ನು ಹಿಡಿಯುವ ಟಿಚ್ ಬಟನ್ನುಗಳಲ್ಲಿ ನಾಲ್ಕು ಲೋಹದವು. ಒಂದು ಸಾಮಾನ್ಯ, ಉಳಿದ ಮೂರು ಸಂಕೇತಕ್ಕೆ. ಸೆರಗಿನ ಮೇಲೆ ಸಾಮಾನ್ಯ ಬಟನ್ನಿನಿಂದ ಮೂರರಲ್ಲಿ ಯಾವುದಕ್ಕೆ ಎಳೆ ಹೊಲಿದಿದೆ ಎಂಬುದೇ ಆ ಸೀರೆಯ ಸಂಖ್ಯೆ. ಮೂರು ಬಟನ್ನಿಗೆ ಎಂಟು ಜೋಡಣೆ ಸಾಧ್ಯ. ಯಾವುದೂ ಕೂಡದಿದ್ದರೆ ಹಲಗೆ ಸೀರೆಯ ಮೇಲೆ ಇಲ್ಲವೆಂದು ಅರ್ಥ, ಕತ್ತಲಾಗಿರುತ್ತದೆ. ಐದು ಅಕ್ಷರಕ್ಕೆ ಧಾರಾಳ ಸಾಕು.

ಆ ಎಳೆ ಯಾವುದು? ಅಜ್ಜಿಯ ಜರಿ. ಇಲ್ಲಿ ಅದರ ಮೂಲಕ ಹರಿಯುವುದು ದೀಪದ ಕರೆಂಟಲ್ಲ, ‘ಕೂಡಿದೆಯೋ ಇಲ್ಲವೋ’ ಎಂಬ ಸುದ್ದಿ ಮಾತ್ರ. ಬಟನ್ನು ಕೂಡಿದೆಯೇ ಎಂದು ತಿಳಿಯಲು ಚಿಪ್ಪಿನ ಒಳಗೇ ಇರುವ ಪುಲ್‌ಅಪ್ ಎಂಬ ಪ್ರತಿರೋಧ ಸುಮಾರು 45 ಸಾವಿರ ಓಮ್. ಅದರ ಮುಂದೆ ಜರಿಯ ಹತ್ತಿಪ್ಪತ್ತು ಓಮ್ ಲೆಕ್ಕಕ್ಕೇ ಇಲ್ಲ. ಒಗೆದು ಒಗೆದು ಅದು ಹತ್ತು ಪಟ್ಟಾದರೂ ಕೆಲಸ ನಡೆಯುತ್ತದೆ. ಬೆಳ್ಳಿ ಕಪ್ಪಾದರೂ ಪರವಾಗಿಲ್ಲ. ಬೆವರಿನ ಉಪ್ಪು ಎರಡು ಬಟನ್ನಿನ ನಡುವೆ ಸುಳ್ಳು ಸಂಪರ್ಕ ಮಾಡೀತೇ ಎಂಬ ಭಯವಿತ್ತು. ಬಟನ್ನುಗಳನ್ನು ನಾಲ್ಕು ಬೆರಳು ದೂರ ಇಟ್ಟು, ಚಿಪ್ಪು ತನ್ನ ಸಂಖ್ಯೆಯನ್ನು ಹಲಗೆ ತೊಡಿಸಿದಾಗ ಒಮ್ಮೆ ಮಾತ್ರ ಓದಿಕೊಳ್ಳುವಂತೆ ಮಾಡಿದೆವು. ಆಗ ಯಾರೂ ಬೆವರಿರುವುದಿಲ್ಲ.

ಸೀರೆಯ ಮೇಲೆ ಕೊನೆಗೆ ಉಳಿದದ್ದು ಕೆಲವು ಟಿಚ್ ಬಟನ್ನು ಮತ್ತು ಒಂದು ಗೇಣು ಜರಿ. ಪವರ್ ಬ್ಯಾಂಕ್ ಲಂಗದ ಸೊಂಟಪಟ್ಟಿಯ ಜೇಬಿಗೆ ಹೋಯಿತು. ಸೆರಗಿನ ಮೇಲಿನ ಭಾರವೂ ಇಳಿಯಿತು, ಕಾಕಾ ಅವರ ಮೊದಲ ತಕರಾರೂ ಮುಗಿಯಿತು.

ನವೆಂಬರ್ 1

ಹಾಡು ಮುಗಿಯುತ್ತ ಬಂತು. ವೇದಿಕೆಯ ದೀಪ ಆರಿತು. ಕತ್ತಲಲ್ಲಿ ಹುಡುಗಿಯರು ಸಾಲಾಗಿ ನಿಂತು ಬೆನ್ನು ತಿರುಗಿಸಿದರು. ಅಕ್ಷರ ಒಂದೊಂದಾಗಿ ಹೊತ್ತಿಕೊಂಡವು: ನ... ಮ್ಮ... ಕ... ನ್ನ...

ಡ ಬರಲಿಲ್ಲ.

ರಾಜ್ಯೋತ್ಸವದ ವೇದಿಕೆಯ ಮೇಲೆ, ಊರಿನ ಗಣ್ಯರೆಲ್ಲರ ಮುಂದೆ, ‘ನಮ್ಮ ಕನ್ನ’ ಎಂದು ಹಳದಿ ಕೆಂಪಿನಲ್ಲಿ ಬೆಳಗಿತು. ಮುಂದಿನ ಸಾಲಿನಲ್ಲಿ ಒಬ್ಬರು “ಯಾರ ಮನೀಗಿರೀ?” ಎಂದು ಕೂಗಿದರು. ಸಭೆಯೆಲ್ಲ ನಕ್ಕಿತು. ಐದನೆಯ ಹುಡುಗಿಗೆ ಏನೋ ತಪ್ಪಿದೆ ಎಂದು ತಿಳಿಯಿತು, ಏನೆಂದು ತಿಳಿಯಲಿಲ್ಲ. ಪಕ್ಕದವಳು ಕೈ ಚಾಚಿ ಅವಳ ಸೊಂಟದ ಪವರ್ ಬ್ಯಾಂಕಿನ ಗುಂಡಿ ಒತ್ತಿದಳು. ಆಗ ಡ ಹೊತ್ತಿತು, ಚಪ್ಪಾಳೆಯೂ ಬಿತ್ತು. ಆ ಇಪ್ಪತ್ತು ಸೆಕೆಂಡ್ ತಂಗಿ ಪರದೆಯ ಹಿಂದೆ ಕಣ್ಣು ಮುಚ್ಚಿ ನಿಂತಿದ್ದಳು.

ಕಾರಣ ಮರುದಿನ ಗೊತ್ತಾಯಿತು. ಕೊನೆಯ ವಾರ, ಯಾರೂ ಕೇಳದಿದ್ದರೂ, ಬ್ಯಾಟರಿ ಉಳಿಯಲಿ ಎಂದು ಕತ್ತಲ ದೃಶ್ಯದಲ್ಲಿ ಚಿಪ್ಪನ್ನು ನಿದ್ದೆಗೆ ಕಳಿಸುವ ಎರಡು ಸಾಲು ಅವಳು ಪ್ರೋಗ್ರಾಮಿಗೆ ಸೇರಿಸಿದ್ದಳು. ಪವರ್ ಬ್ಯಾಂಕು ಫೋನ್ ಚಾರ್ಜು ಮಾಡಲು ಹುಟ್ಟಿದ್ದು. ಕರೆಂಟಿನ ಎಳೆತ ಒಂದು ಮಟ್ಟಕ್ಕಿಂತ ಕೆಳಗಿಳಿದು ಸ್ವಲ್ಪ ಹೊತ್ತು ಹಾಗೇ ಇದ್ದರೆ ಫೋನ್ ತುಂಬಿತೆಂದು ತಿಳಿದು ತಾನೇ ಮಲಗುತ್ತದೆ. ಆ ಮಟ್ಟ ಎಲ್ಲ ಕಂಪನಿಗಳದ್ದೂ ಒಂದೇ ಅಲ್ಲ. ನಾಲ್ಕು ಒಂದೇ ಕಂಪನಿಯವು, ಐದನೆಯದು ಯಾರದೋ ಮನೆಯಿಂದ ತಂದದ್ದು. ಪೂರ್ತಿ ಬೆಳಕಿನಲ್ಲಿ ಎಷ್ಟು ಕರೆಂಟು ಬೇಕು ಎಂದು ಮೂವರೂ ಲೆಕ್ಕ ಹಾಕಿದ್ದೆವು. ಕತ್ತಲೆಗೆ ಎಷ್ಟು ಬೇಕೆಂದು ಯಾರೂ ಹಾಕಿರಲಿಲ್ಲ. ತಾಲೀಮಿನಲ್ಲಿ ಕತ್ತಲೆಯ ದೃಶ್ಯವನ್ನು ಪ್ರತಿ ಸಲ ‘ಇದು ಗೊತ್ತಲ್ಲ, ಮುಂದೆ’ ಎಂದು ಹಾರಿಸಿಬಿಡುತ್ತಿದ್ದೆವು.

ಎರಡು ಸಾಲು ಅಳಿಸಿದಳು, ಪವರ್ ಬ್ಯಾಂಕುಗಳನ್ನು ಒಂದೇ ಬಗೆಯವು ಮಾಡಿದರು. ಅದೇ ತಿಂಗಳು ಪಕ್ಕದ ತಾಲ್ಲೂಕಿನಲ್ಲಿ ಇನ್ನೊಂದು ಪ್ರದರ್ಶನ. ಅಲ್ಲಿ ಒಂದು ಹಲಗೆಯ ಎರಡು ಪ್ಲಗ್ಗು ಸಡಿಲವಾಗಿ ಎರಡು ಕಂಬ ಹೋದವು. ಆರನೆಯ ಹಲಗೆಯನ್ನು ಪರದೆಯ ಹಿಂದೆ ಟಪಟಪ ಒತ್ತಿ ಕೂರಿಸಿದರು. ಅದು ತಾನು ‘ಮ್ಮ’ ಎಂದು ಸೀರೆಯಿಂದ ಕೇಳಿಕೊಂಡು ಉರಿಯಿತು. ಮಾಡಿದವರು ಹುಡುಗಿಯರೇ, ನಮ್ಮಲ್ಲಿ ಯಾರೂ ಅಲ್ಲಿರಲಿಲ್ಲ.

ಪೇಟೆಂಟಿನ ಮಾತು

‘ಸೀರೆಯೇ ಹಲಗೆಗೆ ಹೆಸರು ಹೇಳುವುದು’ ಹೊಸತು, ಇದಕ್ಕೆ ಪೇಟೆಂಟ್ ಮಾಡಿಸಿ ಎಂದು ನಾನೇ ಹುರಿದುಂಬಿಸಿದೆ. ಒಬ್ಬ ಪೇಟೆಂಟ್ ಏಜೆಂಟರ ಹತ್ತಿರ ಹೋದೆವು. ಅವರು ಬಿಡಿಸಿ ಹೇಳಿದರು. ಬಟ್ಟೆಯಿಂದ ಬಿಚ್ಚುವ ಎಲೆಕ್ಟ್ರಾನಿಕ್ಸ್ ಹಳೆಯ ಮಾತು. ಗೂಗಲ್ ಮತ್ತು ಲಿವೈಸ್ ಸೇರಿ 2017ರಲ್ಲಿ ತಂದ ಜಕಾರ್ಡ್ ಜಾಕೆಟ್ಟಿನಲ್ಲೂ ತೋಳಿಗೆ ಸಿಕ್ಕಿಸಿ ಬಿಚ್ಚುವ ಟ್ಯಾಗ್ ಇತ್ತು. ಟಿಚ್ ಬಟನ್ನಿನಿಂದ ಕರೆಂಟು ದಾಟಿಸುವುದೂ ಹೊಸದಲ್ಲ. ಗೊತ್ತಿರುವ ವಸ್ತುಗಳನ್ನು ಬರೀ ಬೇರೆ ರೀತಿ ಜೋಡಿಸಿ, ಪ್ರತಿಯೊಂದೂ ತನ್ನ ಹಳೆಯ ಕೆಲಸವನ್ನೇ ಮಾಡುತ್ತಿದ್ದರೆ ಅದು ಆವಿಷ್ಕಾರವಲ್ಲ ಎನ್ನುತ್ತದೆ 1970ರ ಪೇಟೆಂಟ್ ಕಾಯ್ದೆಯ ಸೆಕ್ಷನ್ 3(ಎಫ್). ಉಳಿದದ್ದು ಜರಿಯ ಜೋಡಣೆಯಿಂದ ಹಲಗೆ ತನ್ನ ಸ್ಥಾನ ತಿಳಿಯುವ ಒಂದು ಸಣ್ಣ ಹಕ್ಕು. ಅದಕ್ಕೆ ವಾದಿಸಬಹುದಿತ್ತು.

ಆಮೇಲೆ ಅವರು ಕೇಳಿದರು: “ಇದನ್ನು ಹೊರಗೆ ಎಲ್ಲಾದರೂ ತೋರಿಸಿದ್ದೀರಾ?”

ಅಣ್ಣ ಫೋನ್ ತೆಗೆದ. ಬಟನ್ನು, ಜರಿ, ಹಲಗೆ ಎಲ್ಲವನ್ನೂ ಹತ್ತಿರದಿಂದ ತೋರಿಸಿ ವಿವರಿಸುವ ವಿಡಿಯೊವನ್ನು ಅವನೇ ಅಂಗಡಿಯ ಪ್ರಚಾರಕ್ಕೆಂದು ಯೂಟ್ಯೂಬಿಗೆ ಹಾಕಿದ್ದ. ಅರ್ಜಿಗೆ ಮುಂಚೆಯೇ ಬಹಿರಂಗವಾದದ್ದು ಹೊಸತೆನಿಸುವುದಿಲ್ಲ. ಕೇಂದ್ರ ಸರ್ಕಾರ ಗೆಜೆಟ್‌ನಲ್ಲಿ ಸೂಚಿಸಿದ ಪ್ರದರ್ಶನದಲ್ಲಿ ತೋರಿಸಿದ್ದರೆ 12 ತಿಂಗಳ ರಿಯಾಯಿತಿ ಇದೆ. ಅಂಗಡಿಯ ವಿಡಿಯೊಗೆ ಇಲ್ಲ. ಕಾರ್ಯಕ್ರಮಕ್ಕೆ ಮುಂಚೆ ಒಂದು ತಾತ್ಕಾಲಿಕ ವಿವರಣೆ ಸಲ್ಲಿಸಿದ್ದರೆ ಪೂರ್ಣ ಅರ್ಜಿಗೆ ಒಂದು ವರ್ಷ ಸಮಯ ಸಿಗುತ್ತಿತ್ತು. ವ್ಯಕ್ತಿಯ ಹೆಸರಿನಲ್ಲಿ ಆನ್‌ಲೈನ್ ಸಲ್ಲಿಕೆಯ ಶುಲ್ಕ 1600 ರೂಪಾಯಿ. ಈ ಒಂದು ವಿಷಯದಲ್ಲಿ ತಪ್ಪು ನನ್ನದು. ಅದು ನನಗೆ ಗೊತ್ತಿರಬೇಕಾದ ಸಂಗತಿ, ಹೇಳಬೇಕಾದ ಸಮಯದಲ್ಲಿ ಹೊಳೆಯಲಿಲ್ಲ.

ಅರ್ಜಿ ಹಾಕಲಿಲ್ಲ. ಅದಕ್ಕೆಂದು ಎತ್ತಿಟ್ಟ ಹಣದಲ್ಲಿ ಅಣ್ಣ ಇನ್ನೂ ಹತ್ತು ಹಲಗೆಗೆ ಸಾಮಾನು ತಂದ, ಬಾಡಿಗೆಗೆ ಕೊಡುತ್ತಾನೆ. ಅಕ್ಷರ ಬದಲಿಸಲು ಫೋನಿನಿಂದ ಕಳಿಸಿದರಾಯಿತು. ಪೇಟೆಂಟ್ ಸಿಕ್ಕಿದ್ದರೂ ಇದಕ್ಕಿಂತ ಹೆಚ್ಚು ಗಳಿಸುತ್ತಿದ್ದನೇ ಎಂಬ ಬಗ್ಗೆ ನನಗೆ ಅನುಮಾನವಿದೆ. ತಂಗಿಗೆ ಇಲ್ಲ, ಆ ವಿಡಿಯೊದ ಮಾತು ಬಂದರೆ ಅವಳು ಇಂದಿಗೂ ಅಣ್ಣನ ಮುಖ ನೋಡುವುದಿಲ್ಲ.

ಮರುವರ್ಷ ಜನವರಿ 26ಕ್ಕೆ ಟೀಚರ್ ಮತ್ತೆ ಅಂಗಡಿಗೆ ಬಂದರು. ಈ ಸಲ ಬರೀ ಕೋಲಾಟ, ಹಗಲು ಹೊತ್ತು. ದೀಪ ಬೇಡ, ಸೀರೆ ಸಾಕು ಎಂದರು. ಅಣ್ಣ ಕಪಾಟು ತೆರೆದು ಐದೂ ಸೀರೆ ಕೊಟ್ಟ. ಒಗೆದು, ಇಸ್ತ್ರಿ ಮಾಡಿ ಮಡಿಚಿಟ್ಟಿದ್ದವು. ಸೆರಗಿನ ಟಿಚ್ ಬಟನ್ನುಗಳನ್ನು ಕಂಡ ಹೊಸ ಹುಡುಗಿಯೊಬ್ಬಳು ಇದು ಯಾವ ಊರಿನ ಫ್ಯಾಶನ್ ಎಂದು ಕೇಳಿದಳು.